ಎಳೆಯುವವರು, ನಿಲ್ಲುವವರು

ಪಿ.ಟಿ. ಟೀಚರ್ ಕೈ ಹಿಡಿದರೆ ಮೊದಲು ತಾಗುತ್ತಿದ್ದುದು ಅವರ ಅಂಗೈಯ ಗಂಟುಗಳು. ಒಂದೊಂದು ಬೆರಳಿನ ಬುಡಕ್ಕೂ ಒಂದೊಂದು, ಒಣಗಿದ ಕಾಫಿಬೀಜದಷ್ಟು ಗಟ್ಟಿ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಮಕ್ಕಳ ಜೊತೆ ತಾವೂ ಹಗ್ಗ ಎಳೆದದ್ದರ ಗುರುತು ಅವು. ನಿವೃತ್ತರಾಗಿ ಜಾವಳಿಯಲ್ಲಿ ನಮ್ಮ ಪಕ್ಕದ ಮನೆಗೆ ಬಂದ ಮೇಲೂ ಕರಗಿರಲಿಲ್ಲ.

ನಾನು ಎಸ್ಟೇಟಿನಲ್ಲಿ ರೈಟರ್. ದಿನವಿಡೀ ಕುರ್ಚಿಯಲ್ಲಿ ಕೂತು ಲೆಕ್ಕ ಬರೆಯುವ ಕೆಲಸ. ಅಂಥವಳು ಮಳೆಗಾಲದ ಕೆಸರುಗದ್ದೆ ಆಟಕ್ಕೆ ಮಹಿಳಾ ಸಂಘದ ಹಗ್ಗಜಗ್ಗಾಟದ ತಂಡ ಸೇರಿ, ಮೊದಲ ಎಳೆತಕ್ಕೇ ಮುಗ್ಗರಿಸಿ, ಎಂಟೂ ಜನರನ್ನು ಕೆಸರಿಗೆ ಕೆಡವಿದೆ. ಆ ವಿಡಿಯೋ ಊರಿನವರೆಲ್ಲರ ಮೊಬೈಲಿಗೂ ಹೋಯಿತು. ಇನ್ನು ಹಗ್ಗ ಮುಟ್ಟುವುದಿಲ್ಲ ಎಂದುಕೊಂಡೆ.

ಮುಂದಿನ ವರ್ಷ ಮಳೆ ಹಿಡಿಯುವ ಮೊದಲೇ, ತಂಡಕ್ಕೆ ಕಲಿಸಲು ಒಪ್ಪಿದ್ದ ಟೀಚರ್ ನಮ್ಮ ಬಾಗಿಲಿಗೆ ಬಂದರು. “ಬಾ ಮಾರಾಯ್ತಿ. ಬಿದ್ದವರಿಗೆ ಕಲಿಸೋದು ಸುಲಭ. ಎಲ್ಲಿ ಜಾರಿತು ಅಂತ ಅವ್ರಿಗೆ ಗೊತ್ತಿರ್ತದೆ.”

ಯಾವ ವ್ಯಾಯಾಮವನ್ನೂ ಅವರು ಸುಮ್ಮನೆ ಒಳ್ಳೆಯದು ಎನ್ನುತ್ತಿರಲಿಲ್ಲ. ಇನ್ನೊಂದರ ಪಕ್ಕ ಇಟ್ಟು ನೋಡಬೇಕು. ನಮ್ಮನ್ನು ಎರಡು ಪಾಲು ಮಾಡಿದರು. ನಾಲ್ವರು ಲಾರಿ ಟೈರಿಗೆ ಹಗ್ಗ ಕಟ್ಟಿ ಜಗ್ಗಿ ಜಗ್ಗಿ ಎಳೆಯಬೇಕು. ಉಳಿದ ನಾಲ್ವರು ಹಲಸಿನ ಮರಕ್ಕೆ ಕಟ್ಟಿದ ಹಗ್ಗ ಹಿಡಿದು, ಹಿಂದಕ್ಕೆ ವಾಲಿ, ಅಲ್ಲಾಡದೆ ನಿಲ್ಲಬೇಕು. ನಾನು ನಿಲ್ಲುವವರ ಪಾಲಿಗೆ ಬಂದೆ.

ಎಳೆಯುವವರ ಕಡೆಗಿದ್ದ ಮೇಸ್ತ್ರಿಯ ಹೆಂಡತಿ ನಕ್ಕಳು. “ಸುಮ್ನೆ ನಿಂತ್ಕೊಳ್ಳೋದು ಎಂಥ ವ್ಯಾಯಾಮ ಟೀಚರ್?”

“ನಂಗೂ ನಂಬಿಕೆ ಇಲ್ಲ. ನಾನು ಕಲಿಸಿದ್ದೆಲ್ಲ ಜಗ್ಗೋದನ್ನೇ. ಆದ್ರೂ ನೋಡೋಣ,” ಎಂದರು ಟೀಚರ್.

ತಿಂಗಳಾದ ಮೇಲೆ ಒಂದು ಭಾನುವಾರ ಎರಡು ಪಾಲನ್ನೂ ಎದುರುಬದುರು ನಿಲ್ಲಿಸಿದರು. ಮೊದಲ ಎಳೆತಕ್ಕೆ ನಾವು ಎರಡು ಹೆಜ್ಜೆ ಅವರತ್ತ ಹೋದೆವು. ಆಮೇಲೆ ಹಿಮ್ಮಡಿ ನೆಲ ಕಚ್ಚಿತು. ಅವರು ಜಗ್ಗಿದರು, ನಾವು ನಿಂತೆವು. ಮತ್ತೆ ಜಗ್ಗಿದರು, ಮತ್ತೆ ನಿಂತೆವು. ಅವರಿಗೆ ಏದುಸಿರು ಬಂದದ್ದೇ ತಡ, ಒಂದೊಂದೇ ಹೆಜ್ಜೆ ಹಿಂದೆ ಸರಿದು ಗೆದ್ದೆವು. ಮೂರು ಸಲವೂ ಹಾಗೇ ಆಯಿತು.

ಟೀಚರ್ ನೆಲದ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕರು. “ಮೂವತ್ತು ವರ್ಷ ತಪ್ಪು ಕಲಿಸಿದ್ನಲ್ಲೇ!” ಅಷ್ಟು ಖುಷಿಯಿಂದ ಸೋತವರನ್ನು ನಾನು ಕಂಡಿಲ್ಲ. ಮರುದಿನದಿಂದ ಎಂಟೂ ಜನಕ್ಕೆ ಮೊದಲು ನಿಲ್ಲುವುದು, ಕೊನೆಗಷ್ಟೇ ಜಗ್ಗುವುದು.

ಆ ವರ್ಷ ಕೆಸರುಗದ್ದೆಯಲ್ಲಿ ಗೆದ್ದೆವು. ಟೀಚರ್ ಸೀರೆ ಎತ್ತಿಕಟ್ಟಿ ಗದ್ದೆಗಿಳಿದು ನಮ್ಮ ಜೊತೆ ಉರುಳಾಡಿದರು. ಸಂಜೆ ಸ್ನಾನ ಮುಗಿಸಿ ಬಂದವರು ನನ್ನಿಂದ ಒಂದು ಫೋನ್ ನಂಬರ್ ಹುಡುಕಿಸಿದರು. ಕಳಸದ ಕಡೆಯ ಹಳೆಯ ವಿದ್ಯಾರ್ಥಿ, ಈಗ ಬಸ್ ಡ್ರೈವರ್.

“ಹಗ್ಗ ಜಗ್ಗದೆ ನಿಂತಿದ್ದಕ್ಕೆ ಅವತ್ತು ನಿನ್ನ ಕಂಬ ಅಂತ ಬೈದು ತಂಡದಿಂದ ತೆಗೆದಿದ್ದೆ, ನೆನಪಿದೆಯಾ? ನೀನು ನಿಂತಿದ್ದೇ ಸರಿ ಇತ್ತು ಕಣೋ. ತಪ್ಪು ನಂದು,” ಎಂದರು ಟೀಚರ್ ನಗುತ್ತಾ.

ಆ ಕಡೆಯಿಂದ, “ಟೀಚರ್, ಈ ವಯಸ್ಸಲ್ಲೂ ಹಗ್ಗ ಬಿಟ್ಟಿಲ್ವಾ ನೀವು?” ಎಂಬ ಮಾತಿನ ಜೊತೆ ಗಟ್ಟಿ ನಗು ಕೇಳಿಸಿತು.

ತಪ್ಪಾಯಿತು ಎನ್ನುವುದನ್ನು ಹೀಗೆ ನಗುತ್ತಾ ಹೇಳಬಹುದು ಎಂದು ನಾನು ಕಲಿತದ್ದು ಅವರಿಂದ. ಕಳೆದ ವಾರ ಅದು ಬೇಕಾಯಿತು. ಪರೀಕ್ಷೆಯ ನೆಪ ಹೇಳಿ ಮಗಳ ಓಟದ ಅಭ್ಯಾಸ ನಿಲ್ಲಿಸಿದ್ದೆ. ಅವಳು ಓದಲೂ ಇಲ್ಲ, ನಗಲೂ ಇಲ್ಲ. “ತಪ್ಪು ನಂದು ಮಗಾ, ನಾಳೆಯಿಂದ ಹೋಗು,” ಎಂದೆ. ಅವಳು ಶೂ ಹುಡುಕಲು ಓಡಿದಳು.