ಕಡಲನ್ನು ಕೆರೆ ಎಂದು ನಡೆದವರು

ನಮ್ಮ ಯಜಮಾನರಿಗೆ ಬಂದಿರುವುದು ಮರೆವಿನ ಕಾಯಿಲೆ, ಅದು ಇನ್ನು ಏರುತ್ತಲೇ ಹೋಗುತ್ತದೆ ಎಂದು ತುಮಕೂರಿನ ಡಾಕ್ಟರು ಹೇಳಿದ ದಿನ, ವಾಪಸು ಬರುವ ಬಸ್ಸಿನಲ್ಲಿ ಕೊರಟಗೆರೆ ದಾಟುವವರೆಗೂ ಅವರು ಹೊರಗಿನ ಹೊಲಗಳನ್ನೇ ನೋಡುತ್ತಿದ್ದರು. ಆಮೇಲೆ ಕಿಟಕಿಯಿಂದ ಮುಖ ತಿರುಗಿಸಿ, "ನಾವು ಆಫ್ರಿಕಾಕ್ಕೆ ಯಾವಾಗ ಹೋಗೋದು?" ಎಂದರು.

ನಾನು ಡಾಕ್ಟರ ಚೀಟಿಯನ್ನು ಮಡಿಸಿ ಚೀಲಕ್ಕೆ ಹಾಕಿದೆ. "ಅದೆಲ್ಲಾ ಈಗ್ಯಾಕೆ ಬುಡಿ," ಎಂದೆ.

"ಈಗಲ್ದೆ ಇನ್ಯಾವಾಗ? ಡಾಕ್ಟ್ರು ಹೇಳಿದ್ದು ಕೇಳಿಸ್ಲಿಲ್ವಾ ನಿಂಗೆ?"

ಅವರು ಮಧುಗಿರಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರು. ನಾನು ಅದೇ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತಿದ್ದೆ. ಭಾನುವಾರ ಬಂತೆಂದರೆ ಬೈಕಿನಲ್ಲಿ ನನ್ನನ್ನು ಹಿಂದೆ ಕೂರಿಸಿಕೊಂಡು ಮೈದನಹಳ್ಳಿಗೆ ಹೊರಡುತ್ತಿದ್ದರು. ಅಲ್ಲಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿವೆ. ಜನ ಎಸೆದುಹೋದ ಚಿಪ್ಸ್ ಪ್ಯಾಕೆಟ್ಟು, ಬಾಟಲಿಗಳನ್ನು ನಾವಿಬ್ಬರೂ ಚೀಲಕ್ಕೆ ತುಂಬುತ್ತಿದ್ದೆವು. ಫೋಟೋ ತೆಗೆಯಲು ಜಿಂಕೆಯ ಹಿಂದೆ ಬೈಕ್ ಓಡಿಸುವ ಹುಡುಗರನ್ನು ಕಂಡರೆ ಅವರಿಗೆ ಕೆಂಡದಂಥ ಕೋಪ. ಅಲ್ಲಿ ಗಿಡ ನೆಡಬೇಕು ಎನ್ನುವವರ ಜೊತೆಗೂ ಜಗಳ. "ಮರ ಇದ್ರೇನೇ ಕಾಡು ಅಂತ ಯಾರು ಹೇಳಿದ್ದು? ಹುಲ್ಲು ಉಳುದ್ರೆ ಇವು ಉಳೀತಾವೆ," ಎನ್ನುವರು. ಇಂಥ ಹುಲ್ಲು ಆಕಾಶದ ಅಂಚಿನವರೆಗೂ ಹಬ್ಬಿರುವ ಆಫ್ರಿಕಾದ ಬಯಲನ್ನು ಸಾಯುವುದರೊಳಗೆ ಒಮ್ಮೆ ನೋಡಬೇಕೆಂಬುದು ಅವರ ಬದುಕಿನ ಒಂದೇ ದೊಡ್ಡ ಆಸೆ.

ಸಿರಾದಲ್ಲಿ ಟ್ರಾವೆಲ್ಸ್ ಆಫೀಸು ಇಟ್ಟಿರುವ ಅವರ ಹಳೆಯ ಶಿಷ್ಯನೊಬ್ಬ ಎಲ್ಲವನ್ನೂ ಹುಡುಕಿ ಹೊಂದಿಸಿದ. ಒಂದು ಸಿಂಹವನ್ನು ಹತ್ತು ಜೀಪು ಮುತ್ತಿಕೊಳ್ಳುವಂಥ ಪ್ರವಾಸ ಬೇಡವೆಂದು ಇವರು ಮೊದಲೇ ಹೇಳಿದ್ದರು. ತಾಂಜಾನಿಯಾದಲ್ಲಿ ದನಗಾಹಿ ಜನರೇ ತಮ್ಮ ಊರ ಜಮೀನಿನಲ್ಲಿ ನಡೆಸುವ ಡೇರೆ ಸಿಕ್ಕಿತು. ಅಲ್ಲಿ ಸೋಲಾರ್ ದೀಪ, ಪ್ಲಾಸ್ಟಿಕ್ ಬಾಟಲಿ ತರುವಂತಿಲ್ಲ, ನಾವು ಕೊಡುವುದರಲ್ಲಿ ಒಂದು ಪಾಲು ಊರಿನ ಕಾಡು ಕಾಯುವ ಕೆಲಸಕ್ಕೆ. ಆಮೇಲೆ ಜಾಂಜಿಬಾರ್ ದ್ವೀಪದಲ್ಲಿ, ಕಡಲಾಮೆ ಮೊಟ್ಟೆಯಿಡುವ ಮರಳನ್ನು ಕಾಪಾಡಿಕೊಂಡು ಬಂದಿರುವ ಸಣ್ಣದೊಂದು ವಸತಿ.

"ಫಿಕರ್ ಮಾಡ್ಬೇಡಿ ಅಮ್ಮಾ, ಸಾರ್ ವಿಷ್ಯ ಎಲ್ಲಾ ಅವ್ರಿಗೆ ಹೇಳಿದೀನಿ," ಎಂದ ಶಿಷ್ಯ.

ಸಿರಾದಲ್ಲೇ ಪಿಯು ಕಾಲೇಜಿನಲ್ಲಿ ಪಾಠ ಮಾಡುವ ನಮ್ಮ ಮಗಳು ಮಾತ್ರ ಒಪ್ಪಲಿಲ್ಲ. "ಮೊನ್ನೆ ಸಂತೆಗೆ ಹೋದ ಅಪ್ಪ ಮನೆ ದಾರಿ ತಿಳೀದೆ ಬಸ್‌ಸ್ಟ್ಯಾಂಡಲ್ಲಿ ಕೂತಿದ್ರು. ಅಷ್ಟು ದೂರ ಒಬ್ಳೇ ಹೆಂಗಮ್ಮಾ ನೋಡ್ಕೊತೀಯಾ?"

"ಇನ್ನೊಂದು ವರ್ಷ ಕಳುದ್ರೆ ಎಲ್ಲಿಗೆ ಹೋಗಿದ್ವಿ ಅನ್ನೋದೇ ಅವ್ರಿಗೆ ಗೊತ್ತಾಗಲ್ಲ ಕಣೇ," ಎಂದೆ.

ತಾಂಜಾನಿಯಾದ ಆ ಬಯಲಿನಲ್ಲಿ ಮೊದಲ ದಿನ ಕಂಡದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಜೀಪಿನ ಕಂಬಿ ಹಿಡಿದು ನಿಂತು ಅವರು ಮಾತಾಡಿದರು, ಮಾತಾಡಿದರು. ಯಾವ ಪ್ರಾಣಿ ಹುಲ್ಲಿನ ತುದಿ ತಿನ್ನುತ್ತದೆ, ಯಾವುದು ಬುಡ ತಿನ್ನುತ್ತದೆ, ಜೀಬ್ರಾ ಮುಂದೆ ಹೋದರೆ ಅದರ ಹಿಂದೆ ಬರುವವು ಯಾಕೆ ಬರುತ್ತವೆ ಎಂದೆಲ್ಲ ನನಗೆ ವಿವರಿಸಿದರು. ನಮ್ಮ ಡ್ರೈವರು ಆ ಊರಿನವನೇ, ಎಳೆವಯಸ್ಸಿನವನು. ಅವನು ಇವರನ್ನು 'ಬಾಬಾ', ಎಂದರೆ ಅಪ್ಪಾ, ಎಂದು ಕರೆಯುತ್ತ, ಗಾಡಿ ನಿಲ್ಲಿಸಿ ಇವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕೇಳಿಸಿಕೊಂಡ. ಡಾಕ್ಟರು ತಪ್ಪು ಹೇಳಿರಬಹುದು ಎನ್ನಿಸಿತು ನನಗೆ. ಆ ಸಂಜೆ ಡೇರೆಯ ಮುಂದೆ ಕೂತು ಚಹಾ ಕುಡಿಯುವಾಗ ನಾನು ದೇವರಿಗೆ ಏನೇನೋ ಹರಕೆ ಹೊತ್ತೆ.

ಮರುದಿನ ಬೆಳಿಗ್ಗೆ ಒಂದು ಹೆಣ್ಣುಸಿಂಹ ದಾರಿಯ ಪಕ್ಕದಲ್ಲೇ ಮಲಗಿತ್ತು. ಡ್ರೈವರು ತುಸು ದೂರದಲ್ಲಿ ಇಂಜಿನ್ ಆರಿಸಿದ. ಅಷ್ಟರಲ್ಲಿ ಇವರು ಸಾಮಾನ್ಯ ದನಿಯಲ್ಲಿ, "ಲೇ, ಬೈಕ್ ಎಲ್ಲಿ ನಿಲ್ಸಿದ್ವಿ? ಬಿಸ್ಲು ಏರ್ತಾ ಐತೆ, ಹೊರಡಾನ," ಎಂದರು.

ತಮಾಷೆ ಎಂದುಕೊಂಡು ನಕ್ಕೆ. ಅವರ ಕೈ ಆಗಲೇ ಬಾಗಿಲಿನ ಚಿಲಕದ ಮೇಲಿತ್ತು. ಬಾಗಿಲು ಅರ್ಧ ತೆರೆದು, ಒಂದು ಕಾಲು ಹೊರಗೆ ಇಟ್ಟೇಬಿಟ್ಟರು. ಸಿಂಹ ತಲೆ ಎತ್ತಿತು. ನಾನು ಅವರ ಅಂಗಿ ಹಿಡಿದೆ. ಡ್ರೈವರು ಸೀಟಿನ ಮೇಲಿಂದ ಹಿಂದಕ್ಕೆ ಬಾಗಿ ಅವರ ತೋಳು ಹಿಡಿದು ಒಳಕ್ಕೆಳೆದ. ಇವರು ತಿರುಗಿ ಅವನ ಕೆನ್ನೆಗೆ ಹೊಡೆದರು. ಇಡೀ ಸರ್ವಿಸಿನಲ್ಲಿ ಒಬ್ಬ ಹುಡುಗನ ಮೇಲೂ ಕೈ ಎತ್ತದಿದ್ದ ಮನುಷ್ಯ.

"ಮೈದನಹಳ್ಳಿಯಿಂದ ಮನೆಗೆ ಹೋಗೋಕೆ ಇವನ್ಯಾರು ತಡೆಯೋನು?" ಎಂದು ಕೂಗಿದರು. ಡ್ರೈವರು ಕೆನ್ನೆ ಸವರಿಕೊಳ್ಳಲೂ ಇಲ್ಲ. ಬಾಗಿಲು ಭದ್ರ ಮಾಡಿ, ಗಾಡಿ ತಿರುಗಿಸಿದ. ಹಿಂದಿನ ಸೀಟಿನಲ್ಲಿ ನಾನು ಅವರ ಎರಡೂ ಕೈಗಳನ್ನು ನನ್ನ ಮಡಿಲಲ್ಲಿ ಅದುಮಿ ಹಿಡಿದು ಕೂತೆ. ಡೇರೆ ತಲುಪುವಷ್ಟರಲ್ಲಿ ಅವರಿಗೆ ಏನೂ ನೆನಪಿರಲಿಲ್ಲ. "ಅವನ ಕೆನ್ನೆ ಯಾಕೆ ಊದೈತೆ?" ಎಂದು ನನ್ನನ್ನೇ ಕೇಳಿದರು.

ಊರಿಗೆ ವಾಪಸು ಕರೆಸಿಬಿಡು ಎಂದು ಫೋನಿನಲ್ಲಿ ಶಿಷ್ಯನಿಗೆ ಗೋಗರೆದೆ. ಅವನು ಪಾಪ ಎಲ್ಲ ಕಡೆ ವಿಚಾರಿಸಿದ. ಮುಂಚಿನ ವಿಮಾನಗಳಲ್ಲಿ ಜಾಗ ಸಿಗಲಿಲ್ಲ. "ಕಡಲ ಹತ್ರ ಪ್ರಾಣಿಗಳ ಭಯ ಇಲ್ಲಮ್ಮಾ. ಅಲ್ಲಿ ಸಾರ್‌ಗೆ ಆರಾಮ್ ಮಾಡ್ಸಿ," ಎಂದ. ಬೇರೆ ದಾರಿ ಇರಲಿಲ್ಲ. ನಾವು ಜಾಂಜಿಬಾರಿಗೆ ಹೋದೆವು.

ಅಲ್ಲಿಯ ಕಡಲು ನಾನು ಮಂಗಳೂರಿನಲ್ಲಿ ಕಂಡಿದ್ದ ಕಡಲಿನಂತಿರಲಿಲ್ಲ. ಇಳಿತದ ಹೊತ್ತಿಗೆ ನೀರು ಕಣ್ಣಿಗೆ ಕಾಣದಷ್ಟು ದೂರ ಹಿಂದಕ್ಕೆ ಹೋಗುತ್ತದೆ. ಉಳಿಯುವುದು ಬೂದುಬಣ್ಣದ ಮರಳು, ಅಲ್ಲಲ್ಲಿ ಗುಂಡಿ, ಗೂಟ. ಊರಿನ ಹೆಂಗಸರು ಆ ಗೂಟಗಳಿಗೆ ಹಗ್ಗ ಕಟ್ಟಿ ಕಡಲಪಾಚಿ ಬೆಳೆಯುತ್ತಾರೆ. ವಸತಿಯ ಯಜಮಾನಿ ಮೊದಲ ದಿನವೇ ಎಚ್ಚರಿಸಿದ್ದಳು: ನಕ್ಷತ್ರಮೀನು ಮುಟ್ಟಬೇಡಿ, ಹವಳ ತುಳಿಯಬೇಡಿ, ಒಬ್ಬರೇ ದೂರ ನಡೆಯಬೇಡಿ, ನೀರು ವಾಪಸಾಗುವಾಗ ಎದುರಿನಿಂದಷ್ಟೇ ಅಲ್ಲ, ಪಕ್ಕದ ತಗ್ಗುಗಳಿಂದ ಬಂದು ಹಿಂದಿನ ದಾರಿಯನ್ನೇ ಮುಚ್ಚಿಬಿಡುತ್ತದೆ.

ಮರುದಿನ ಮಧ್ಯಾಹ್ನ ಊಟವಾಗಿ ಇವರು ನಿದ್ದೆ ಹೋದರು. ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಕುರ್ಚಿ ಪಕ್ಕಕ್ಕೆ ಸರಿದಿತ್ತು, ಹಾಸಿಗೆ ಖಾಲಿ.

ವರಾಂಡದಲ್ಲಿಲ್ಲ, ತೋಟದಲ್ಲಿಲ್ಲ. ಕಡಲ ಕಡೆ ನೋಡಿದೆ. ದೂರದಲ್ಲಿ, ಪಾಚಿಯ ಗೂಟಗಳಿಗೂ ಆಚೆ, ಒಂದು ಬಿಳಿ ಅಂಗಿ ನಡೆದು ಹೋಗುತ್ತಿತ್ತು. ಒದ್ದೆ ತಲೆಯಲ್ಲೇ, ನೈಟಿಯಲ್ಲೇ ಓಡಿದೆ. ಕಿರುಚಿದೆ. ಗಾಳಿ ನನ್ನ ದನಿಯನ್ನು ನನಗೇ ವಾಪಸು ಕೊಟ್ಟಿತು. ಗುಂಡಿಯೊಂದರಲ್ಲಿ ಕಾಲಿಟ್ಟಾಗ ಮುಳ್ಳುಚೆಂಡಿನಂಥ ಕಡಲಜೀವಿಯ ಮುಳ್ಳು ಅಂಗಾಲಿಗೆ ನಟ್ಟಿತು, ಕೀಳಲು ನಿಲ್ಲಲಿಲ್ಲ. ಪಾಚಿ ಕಿತ್ತ ಹೆಂಗಸರು ತಲೆ ಮೇಲೆ ಮೂಟೆ ಹೊತ್ತು ನನ್ನ ಎದುರಿಗೆ ಬರುತ್ತಿದ್ದರು. ಎಲ್ಲರೂ ದಡದ ಕಡೆ, ನನ್ನ ಗಂಡ ಒಬ್ಬರೇ ಕಡಲ ಕಡೆ. "ಮಾಜಿ! ಮಾಜಿ!" ಎಂದು ಅವರು ನನ್ನನ್ನು ತಡೆಯಲು ನೋಡಿದರು. ಹಾಗೆಂದರೆ ನೀರು ಎಂದು ಆಮೇಲೆ ತಿಳಿಯಿತು. ನಾನು ಬಿಳಿ ಅಂಗಿಯನ್ನು ಬೆರಳು ಮಾಡಿ ತೋರಿಸಿದೆ. ಒಬ್ಬ ಹೆಂಗಸು ನೋಡಿದಳು. ಮೂಟೆಯನ್ನು ಅಲ್ಲೇ ಕೆಡವಿ, ನನ್ನ ಕೈ ಹಿಡಿದು ಓಡಲು ಶುರು ಮಾಡಿದಳು.

ಒಂದು ತಗ್ಗು ದಾಟುವಾಗ ನೀರು ಮೊಣಕಾಲಿಗಿತ್ತು. ಆಚೆ ಮರಳದಿಬ್ಬದ ಮೇಲೆ ಇವರು ಸಿಕ್ಕರು. ತೋಳು ಹಿಡಿದು, "ಬನ್ರೀ, ನೀರು ಬರ್ತಾ ಐತೆ," ಎಂದೆ. ಅವರು ನನ್ನ ಮುಖ ನೋಡಿದರು, ದಾರಿಯಲ್ಲಿ ಸಿಕ್ಕ ಯಾರನ್ನೋ ನೋಡುವ ಹಾಗೆ. ಮೆಲ್ಲಗೆ ತೋಳು ಬಿಡಿಸಿಕೊಂಡರು.

"ಎವರಮ್ಮಾ ನುವ್ವು?" ಎಂದರು. ಯಾರಮ್ಮಾ ನೀನು?

ಅವರ ಹುಟ್ಟೂರು ಪಾವಗಡದ ಆಚೆ, ರಾಯಚರ್ಲು ಕಡೆಯ ಒಂದು ಹಳ್ಳಿ. ಮನೆಮಾತು ತೆಲುಗು. ಮದುವೆಯಾದ ಮೇಲೆ ನನ್ನ ಜೊತೆ ಅವರು ಆ ಭಾಷೆ ಆಡಿದ್ದೇ ಇಲ್ಲ. ಬತ್ತಿದ ಕೆರೆಯ ಅಂಗಳ ಹಾಯ್ದು ಶಾಲೆಗೆ ಹೋಗಿ ಬರುತ್ತಿದ್ದುದನ್ನು, ಸಂಜೆ ಅಮ್ಮ ಏರಿಯ ಮೇಲೆ ನಿಂತು ಕಾಯುತ್ತಿದ್ದುದನ್ನು ಯಾವಾಗಲೋ ಹೇಳಿದ್ದರು. ಈಗ ಅಲೆ ಏಳುತ್ತಿದ್ದ ಕಡೆಗೆ ಕೈ ಚಾಚಿ, "ಅಮ್ಮ ಕಟ್ಟ ಮೀದ ಉಂದಿ. ನೇನು ಪೋವಾಲ," ಎಂದರು. ಅಮ್ಮ ಏರಿಯ ಮೇಲಿದ್ದಾಳೆ, ನಾನು ಹೋಗಬೇಕು.

ಆ ಹೆಂಗಸು ನನ್ನ ಸೆರಗಿಲ್ಲದ ಹೆಗಲನ್ನು ಅಲುಗಿಸಿ ಹಿಂದಕ್ಕೆ ತೋರಿಸಿದಳು. ನಾವು ದಾಟಿ ಬಂದ ತಗ್ಗು ತುಂಬುತ್ತಿತ್ತು. ಎಳೆದೆ, ಗೋಳಾಡಿದೆ, ಕಾಲು ಹಿಡಿದೆ. ಅವರು ಜಗ್ಗಲಿಲ್ಲ. ಇನ್ನು ನಾವಿಬ್ಬರೂ ಇಲ್ಲೇ ಹೋಗುತ್ತೇವೆ, ಮಗಳಿಗೆ ಹೆಣವೂ ಸಿಗುವುದಿಲ್ಲ ಎನ್ನುವುದು ಅಷ್ಟು ಸ್ಪಷ್ಟವಾಗಿ ಹೊಳೆಯಿತು. ಆಗ ಎಲ್ಲಿಂದ ಬಂತೋ ನನ್ನ ಬಾಯಿಗೆ, ಅತ್ತೆಯ ಮನೆಯಲ್ಲಿ ಕಿವಿಗೆ ಬಿದ್ದಿದ್ದ ಮುರುಕು ತೆಲುಗು. "ಅಮ್ಮ ಇಟು ವಚ್ಚಿಂದಿ. ರಾ ನಾಯನಾ, ಪೋದಾಂ," ಎಂದೆ. ಅಮ್ಮ ಈ ಕಡೆಗೇ ಬಂದಿದ್ದಾಳೆ, ಬಾ ಕಂದಾ, ಹೋಗೋಣ.

ಅವರ ಮುಖ ಅರಳಿತು. ತಾವಾಗಿಯೇ ನನಗೆ ಕೈ ಕೊಟ್ಟರು.

ವಾಪಸು ದಾಟುವಾಗ ನೀರು ಎದೆಗೆ ಬಂತು. ನಮ್ಮಿಬ್ಬರಿಗೂ ಈಜು ಬರುವುದಿಲ್ಲ. ಆ ಹೆಂಗಸು ಅವರ ಒಂದು ಕೈ, ನಾನು ಇನ್ನೊಂದು ಕೈ. ಕಾಲ ಕೆಳಗಿನ ಮರಳು ಜಾರಿ ಜಾರಿ ಹೋಗುತ್ತಿತ್ತು, ಬಾಯಿಗೆ ಉಪ್ಪುನೀರು ನುಗ್ಗುತ್ತಿತ್ತು. ಒಂದು ಸಲ ನಾನು ಪೂರ್ತಿ ಮುಳುಗಿದೆ, ಆದರೂ ಕೈ ಬಿಡಲಿಲ್ಲ. ವಸತಿಯ ಗಂಡಸರು ಹಗ್ಗ ಹಿಡಿದು ನೀರಿಗಿಳಿದು ಬಂದು ನಮ್ಮನ್ನು ಎಳೆದುಕೊಂಡರು.

ದಡದ ಮೇಲೆ ಎಲ್ಲರೂ ಸುತ್ತ ನೆರೆದಿದ್ದರು. ಟವೆಲು ಹೊದಿಸಿಕೊಂಡು ನಡುಗುತ್ತ ಕೂತಿದ್ದ ಅವರು ಒಬ್ಬೊಬ್ಬರ ಮುಖವನ್ನೂ ನೋಡಿ ಮುಗಿಸಿ, ಕೊನೆಗೆ ನನ್ನ ಕಡೆ ತಿರುಗಿದರು.

"ಅಮ್ಮ ಏದಿ?" ಎಂದರು. ಅಮ್ಮ ಎಲ್ಲಿ?

ನಾನು ಟವೆಲಿನ ಅಂಚಿನಿಂದ ಅವರ ತಲೆ ಒರೆಸಿದೆ. ಅವರು ಮಗುವಿನಂತೆ ಬಿಕ್ಕಿ ಬಿಕ್ಕಿ ಅಳತೊಡಗಿದರು. ನನ್ನ ಅಂಗಾಲಿನ ಮುಳ್ಳಿಗೆ ಪರಂಗಿಕಾಯಿಯ ಹಾಲು ಹಚ್ಚುತ್ತ ಕೂತಿದ್ದ ಆ ಹೆಂಗಸು ಕೈ ನಿಲ್ಲಿಸಿ, ತಾನೂ ಕಣ್ಣೊರೆಸಿಕೊಂಡಳು. ಅವಳ ಮೂಟೆ ಕಡಲ ಪಾಲಾಗಿತ್ತು. ಕೃತಜ್ಞತೆ ಹೇಳಲು ನನಗೆ ಅವಳ ಭಾಷೆಯಲ್ಲಿ ಒಂದು ಪದವೂ ಗೊತ್ತಿರಲಿಲ್ಲ. ತಬ್ಬಿಕೊಂಡೆ, ಅಷ್ಟೆ.

ಉಳಿದ ದಿನಗಳನ್ನು ಕೋಣೆಯೊಳಗೆ, ಅಗುಳಿ ಹಾಕಿದ ಬಾಗಿಲಿಗೆ ಬೆನ್ನು ಕೊಟ್ಟು ಕಳೆದೆ. ಕಿಟಕಿಯಾಚೆ ಜನ ಈಜುತ್ತಿದ್ದರು, ನಗುತ್ತಿದ್ದರು. ಮರಳಿನಿಂದೆದ್ದ ಆಮೆಮರಿಗಳನ್ನು ನೋಡಲು ಬನ್ನಿ ಎಂದು ವಸತಿಯವರು ಒಮ್ಮೆ ಕರೆದರು. ಇವರು ನೋಡಬೇಕೆಂದು ಬಂದಿದ್ದು ಅದನ್ನೇ. ನಾನು ಬಾಗಿಲು ತೆರೆಯಲಿಲ್ಲ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಮಗಳು ಕಾಯುತ್ತಿದ್ದಳು. ಅವರು ಅವಳಿಗೆ ನಮಸ್ಕಾರ ಮಾಡಿ, "ಸಿಸ್ಟರ್, ಬಾತ್ರೂಮ್ ಎಲ್ಲೈತೆ?" ಎಂದರು. ಅವಳು ದಾರಿ ತೋರಿಸಿ, ಬಾಗಿಲ ಬಳಿ ನಿಂತು ಕಾದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಕಾರಿನಲ್ಲಿ ಅರ್ಧ ದಾರಿ ಬಂದ ಮೇಲೆ, "ಇಬ್ರನ್ನೂ ಕಳ್ಕೊಂಡ್ಬುಡ್ತಿದ್ನಲ್ಲಮ್ಮಾ," ಎಂದಳು. ಆಮೇಲೆ ಮಧುಗಿರಿ ಬರುವವರೆಗೂ ನನ್ನ ಕೈ ಬಿಡಲಿಲ್ಲ.

ಮನೆಗೆ ಬಂದ ಮೇಲೆ ಅವರ ಕನ್ನಡ ಪೂರ್ತಿ ಹೋಯಿತು. ಮಧ್ಯಾಹ್ನವಾಯಿತೆಂದರೆ ಎದ್ದು ಅಮ್ಮನನ್ನು ಹುಡುಕಿ ಹೊರಡುತ್ತಿದ್ದರು. ಮಗಳು ಗೇಟಿಗೆ ಬೀಗ ಹಾಕಿಸಿದಳು. ಸರಳು ಹಿಡಿದು ಅಲುಗಿಸುತ್ತ, ರಸ್ತೆಯಲ್ಲಿ ಹೋಗುವವರಿಗೆಲ್ಲ ಬಿಡಿಸಿ ಎಂದು ತೆಲುಗಿನಲ್ಲಿ ಬೇಡುತ್ತಿದ್ದರು. ನಾನು ಒಳಗೆ ಕಿವಿ ಮುಚ್ಚಿಕೊಂಡು ಕೂರುತ್ತಿದ್ದೆ. ಆಫ್ರಿಕಾ ಹೆಂಗಿತ್ತು ಎಂದು ಕೇಳಿಕೊಂಡು ಬಂದ ನೆಂಟರು ಆ ಸದ್ದು ಕೇಳಿ ಬೇಗ ಎದ್ದು ಹೋಗುತ್ತಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಗೇಟಿನವರೆಗೆ ಹೋಗುವುದನ್ನೂ ನಿಲ್ಲಿಸಿದರು. ಈಗ ಕೂರಿಸಿದಲ್ಲಿ ಕೂರುತ್ತಾರೆ, ಮಲಗಿಸಿದರೆ ಮಲಗುತ್ತಾರೆ. ಅಮ್ಮನನ್ನೂ ಕೇಳುವುದಿಲ್ಲ. ಹೋದ ವಾರ ಮಗಳು ಬೀಗ ತೆಗೆದಳು. ಗೇಟು ದಿನವಿಡೀ ತೆರೆದೇ ಇರುತ್ತದೆ. ತುತ್ತು ತಿನ್ನಿಸುವಾಗ ನಾನು ಅವರ ಕಾಲುಗಳ ಕಡೆ ನೋಡುತ್ತೇನೆ, ಒಂದು ಸಲವಾದರೂ ಎದ್ದು ಹೊರಡಲಿ ಎಂದು.