ಅಪರ್ಣೆಯ ಅರ್ಧ ಅರ್ಥ

ನನ್ನ ವಾರಗಿತ್ತಿ ಅಪರ್ಣಾಳ ಸಂಸಾರ ಮುರಿದವಳು ನಾನು. ಜಗಳವಾಡಲಿಲ್ಲ, ಚಾಡಿ ಹೇಳಲಿಲ್ಲ — ಅವಳ ಹೆಸರಿನ ಅರ್ಥವನ್ನು ಅರ್ಧ ಹೇಳಿ, ಉಳಿದರ್ಧ ನುಂಗಿಕೊಂಡೆ.

ಸಮೇತನಹಳ್ಳಿಯ ಆ ಮನೆಗೆ ನಾನು ಹಿರಿಸೊಸೆ. ಸಂಸ್ಕೃತ ಓದಿದವಳು, ಹೊಸಕೋಟೆಯ ಕಾಲೇಜೊಂದರಲ್ಲಿ ಪಾಠ ಹೇಳುವವಳು. ಮೈದುನ ಲೋಕೇಶನನ್ನು ಮದುವೆಯಾಗಿ ಅಪರ್ಣಾ ಬಂದ ಮೇಲೆ, ನನ್ನ ಮಕ್ಕಳಿಬ್ಬರೂ ಸ್ಕೂಲ್ ಬ್ಯಾಗ್ ಬಿಸಾಕಿ ‘ಚಿಕ್ಕಮ್ಮಾ’ ಎಂದು ಅವಳ ಹತ್ತಿರವೇ ಓಡುತ್ತಿದ್ದರು. ಅದನ್ನು ನಾನು — ಹೇಳಲು ನಾಚಿಕೆ — ಸಹಿಸದಾದೆ. ಅವಳಿಗೆ ಮಕ್ಕಳಾಗಿರಲಿಲ್ಲ.

ನೆಂಟರ ಮನೆಯ ಸೀಮಂತದಲ್ಲಿ, ಊಟಕ್ಕೆ ಕೂತ ಹೆಂಗಸರ ಮಧ್ಯೆ ಅತ್ತೆ ಕೇಳಿದರು: “ಅಪರ್ಣಾ ಅಂದ್ರೆ ಏನಮ್ಮಾ? ನೀನು ಓದಿರೋಳು, ಹೇಳು.”

“ಎಲೆಯಿಲ್ಲದವಳು ಅಂತ, ಅತ್ತೆ.”

“ಅಯ್ಯೋ, ಬೋಳು ಮರ ಅನ್ನು! ಇನ್ನ ಚಿಗುರೋದೆಲ್ಲಿ ಬಂತು?”

ಎಲ್ಲರೂ ನಕ್ಕರು. ಅಪರ್ಣಾ ತಲೆ ತಗ್ಗಿಸಿದಳು. ಶಿವನಿಗಾಗಿ ತಪಸ್ಸಿಗೆ ಕೂತ ಪಾರ್ವತಿ ತಾನಾಗಿ ಉದುರಿದ ಎಲೆಯನ್ನೂ ಮುಟ್ಟದೆ ಹಟ ಸಾಧಿಸಿದಳು, ಅದಕ್ಕೇ ಅವಳು ಅಪರ್ಣಾ — ಇದನ್ನು ವರ್ಷವರ್ಷವೂ ತರಗತಿಯಲ್ಲಿ ಹೇಳುತ್ತಿದ್ದ ನಾನು ಅಲ್ಲಿ ಸುಮ್ಮನೆ ಪಾಯಸ ಕುಡಿದೆ.

ಅಂದಿನಿಂದ ಆ ಹೆಸರೇ ಅಪಶಕುನವಾಯಿತು. ಪೂಜೆ ಮಾಡಿಸಿ, ಅಕ್ಕಿಯ ಮೇಲೆ ಬರೆಸಿ, ಚಿಗುರೆಂಬ ಅರ್ಥಕ್ಕೆ ‘ಪಲ್ಲವಿ’ ಎಂದು ಕರೆದರು. ಏನೂ ಆಗಲಿಲ್ಲ. ಲೋಕೇಶನನ್ನು ಮಾತ್ರ ಯಾರೂ ಡಾಕ್ಟರಿಗೆ ತೋರಿಸಲಿಲ್ಲ. ಲೋಕಕ್ಕೇ ಒಡೆಯನಂತೆ! ಅವನ ಹೆಸರಿನ ಅರ್ಥ ಕೆದಕುವ ಧೈರ್ಯ ಯಾರಿಗಿತ್ತು? ದೋಷವೆಲ್ಲ ಹೆಣ್ಣಿನ ಹೆಸರಿಗೇ.

ಒಂದು ದಿನ ಅತ್ತೆ, ಲೋಕೇಶ ಎಲ್ಲರ ಎದುರಲ್ಲೇ ಅವಳು ನನ್ನನ್ನು ಕೇಳಿದಳು: “ಅಕ್ಕಾ, ನನ್ನ ಹೆಸರಿಗೆ ಬೇರೆ ಅರ್ಥಾನೇ ಇಲ್ವಾ?”

“ಇಲ್ಲ ಕಣಮ್ಮಾ.”

ಅವಳು ಅಳಲಿಲ್ಲ. ಕೆಲವೇ ದಿನಗಳಲ್ಲಿ ದೊಡ್ಡಬಳ್ಳಾಪುರದ ತವರಿಗೆ ಹೋದಳು; ವಿಚ್ಛೇದನವಾಯಿತು. ಲೋಕೇಶನಿಗೆ ನೀರಜಾ ಎಂಬವಳೊಂದಿಗೆ ಇನ್ನೊಂದು ಮದುವೆ ಮಾಡಿದರು. ಅಲ್ಲೂ ಮಕ್ಕಳಿಲ್ಲ. ಮೊನ್ನೆ ಅತ್ತೆ ಮತ್ತೆ ನನ್ನ ಕಡೆ ತಿರುಗಿದರು: “ಈ ನೀರಜಾ ಅಂದ್ರೆ ಏನು, ನೋಡಮ್ಮಾ.”

ಮೈಯೆಲ್ಲ ಉರಿದುಹೋಯಿತು. “ಹೆಸರಿನ ಮನೆ ಹಾಳಾಯ್ತು! ಮೊದ್ಲು ನಿಮ್ಮ ಮಗನ್ನ ಡಾಕ್ಟ್ರ ಹತ್ರ ಕರ್ಕೊಂಡೋಗಿ” ಎಂದು ಕೂಗಿದೆ. ಅಪರ್ಣಾ ಎಂದರೆ ಏನೆಂದು — ಇಷ್ಟು ವರ್ಷ ತಡವಾಗಿ — ಪೂರ್ತಿ ಹೇಳಿದೆ. ಅತ್ತೆ ಎದ್ದು ಒಳಗೆ ಹೋದರು.

ಮರುದಿನ ದೊಡ್ಡಬಳ್ಳಾಪುರಕ್ಕೆ ಹೋದೆ. ಅಪರ್ಣಾ ಈಗ ಅಲ್ಲಿ ಸಣ್ಣ ಸೀರೆ ಅಂಗಡಿ ಇಟ್ಟಿದ್ದಾಳೆ. ನನಗೆ ಗೊತ್ತಿದ್ದೂ ಮುಚ್ಚಿಟ್ಟೆ ಎಂದು ಒಪ್ಪಿಕೊಂಡೆ. ಅವಳು ಸೀರೆ ಮಡಚುತ್ತಲೇ ಹೇಳಿದಳು: “ನಂಗೂ ಗೊತ್ತಿತ್ತಕ್ಕ. ಹೆಸರಿಟ್ಟ ನಮ್ಮಪ್ಪ ಕಥೆ ಹೇಳ್ದೆ ಇರ್ತಾರಾ? ನಾನು ಹೇಳಿದ್ರೆ ಅವ್ರು ನಂಬ್ತಿರ್ಲಿಲ್ಲ. ನಿಮ್ಮ ಬಾಯಿಂದ ಬರ್ಲಿ ಅಂತ ಕೇಳ್ದೆ.”

ಅಷ್ಟರಲ್ಲಿ ಗಿರಾಕಿಗಳು ಬಂದರು. ಅವಳು ಎದ್ದು ಅವರ ಕಡೆ ಹೋದಳು. ಕ್ಷಮಿಸು ಎಂಬ ಮಾತನ್ನು ನಾನು ಆಡದೆಯೇ ಬಂದೆ — ಅದನ್ನು ಕೇಳುವ ಹಕ್ಕಾದರೂ ನನಗೆಲ್ಲಿತ್ತು!