ಭಾವನ ಇಷ್ಟಲಿಂಗ ಮುಟ್ಟಿಸಿದ ದಾರಿ

ಬೆಳಿಗ್ಗೆ ಹತ್ತಕ್ಕೆ ಧಾರವಾಡದ ಲಕಮನಹಳ್ಳಿಯಲ್ಲಿ ನಾನೂ ಅಕ್ಕನೂ ಹುಬ್ಬಳ್ಳಿ ಬಸ್ಸು ಹತ್ತಿದೆವು. ನಾವು ಇಳಿಯಬೇಕಿದ್ದ ವಿದ್ಯಾನಗರ ಇಪ್ಪತ್ತು ಕಿಲೋಮೀಟರೂ ಆಗುವುದಿಲ್ಲ. ಅಂದು ಮಾತ್ರ ದಾರಿ ಮುಗಿಯಲೊಲ್ಲದಾಗಿತ್ತು.

ಕಾರ್ಖಾನೆಯಲ್ಲಿ ಭಾವನ ಮೇಲೆ ಕಬ್ಬಿಣದ ಕಂಬಿಗಳು ಬಿದ್ದಿದ್ದವು. ಧಾರವಾಡದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡುವಾಗ ಕೊರಳಿನ ಇಷ್ಟಲಿಂಗ ಬಿಚ್ಚಿ ಅಕ್ಕನ ಕೈಗೆ ಕೊಟ್ಟರು. ಮತ್ತೆ ಕಟ್ಟುವಷ್ಟರಲ್ಲಿ ಆಂಬುಲೆನ್ಸ್ ಅವರನ್ನು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಒಯ್ದಿತ್ತು. ಜೊತೆಗೆ ಹೋದವನು ಅವರ ತಮ್ಮ. ದೀಕ್ಷೆಯಾದಂದಿನಿಂದ ಭಾವ ಸ್ನಾನದಲ್ಲೂ ಲಿಂಗ ತೆಗೆದವರಲ್ಲ. ಜೀವವಿರುವಾಗ ಅದು ಮೈಯಿಂದ ಅಗಲಬಾರದು ಎಂಬುದು ನಮ್ಮ ಮನೆತನದ ನಂಬಿಕೆ.

ಅಕ್ಕ ಕಿಟಕಿಯ ಪಕ್ಕ ಕುಳಿತು, ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು, ಅದನ್ನೇ ನೋಡತೊಡಗಿದಳು. ನಾನೋ ಬಾಯಿ ಮುಚ್ಚಿಕೊಂಡಿರುವ ಆಸಾಮಿಯಲ್ಲ. ನಿಲ್ದಾಣಕ್ಕೊಮ್ಮೆ ನಿಲ್ಲಿಸುವ ಡ್ರೈವರನಿಗೆ ಬೈದೆ, ಸತ್ತೂರಿನ ಸಿಗ್ನಲ್ಲಿಗೆ ಬೈದೆ, ಬಸ್ಸಿನ ಎಸಿಗೂ ಬೈದೆ. ರಕ್ತ ಬೇಕೆಂದರೆ ಯಾರನ್ನು ಕೇಳಲಿ, ಮಕ್ಕಳಿಗೆ ಏನು ಹೇಳಲಿ, ತಲೆ ಕೆಟ್ಟುಹೋಗಿತ್ತು. ಮುಂದೇನು ಮಾಡೋಣ ಎಂದು ಕೊನೆಗೆ ಅವಳನ್ನೇ ಕೇಳಿದೆ.

"ಮುಂದಿಂದು ಮುಂದ ನೋಡೂಣು ತಮ್ಮಾ. ಈಗ ಇದನ್ನ ಅವರ ಕೊರಳಿಗೆ ಮುಟ್ಟಸೂದು. ಅಷ್ಟ ನನ್ನ ಕೆಲಸ."

ಕಣ್ಣೆತ್ತಲಿಲ್ಲ. ಉಸಿರು ಸಮನಾಗಿತ್ತು. ನನಗೆ ಹೊಟ್ಟೆಕಿಚ್ಚೇ ಆಯಿತು.

ಭೈರಿದೇವರಕೊಪ್ಪ ದಾಟಿ ಉಣಕಲ್ ಕೆರೆ ಕಾಣುವಾಗ ನನಗೆ ಫೋನು ಬಂತು. ಭಾವನ ತಮ್ಮ. ಹೋಗಿಬಿಟ್ಟರು ಎಂದ. ಹೂಂ ಎಂದು ಇಟ್ಟೆ. ಕೆರೆಯ ನೀರು ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಅಕ್ಕನಿಗೆ ಹೇಳುವ ಧೈರ್ಯ ಬರಲಿಲ್ಲ, ಅವಳ ಅಂಗೈಯನ್ನೇ ನೋಡಿದೆ. ಈಗ ನನಗೂ ಒಂದೇ ಕೆಲಸ ಉಳಿದಿತ್ತು, ಅವಳನ್ನು ಅಲ್ಲಿಗೆ ಮುಟ್ಟಿಸುವುದು. ವಿದ್ಯಾನಗರದಲ್ಲಿ ಕೈ ಹಿಡಿದು ಇಳಿಸಿದೆ. ರಸ್ತೆ ದಾಟಿಸಿದೆ. ಆಸ್ಪತ್ರೆಯ ಮೆಟ್ಟಿಲು ಹತ್ತಿಸಿದೆ. ಅಷ್ಟು ಹೊತ್ತು ಎದೆ ಹೇಗೋ ತಡೆಯಿತು.

ಭಾವನ ಮುಖದ ಮೇಲೆ ಬಟ್ಟೆ ಎಳೆದಿದ್ದರು. ಅಕ್ಕ ಅದನ್ನು ಸರಿಸಿ, ಕೊರಳಿಗೆ ದಾರ ಹಾಕಿ, ಗಂಟು ಬಿಗಿದು, ಎಳೆದು ನೋಡಿದಳು. ಗಂಟು ಗಟ್ಟಿಯಾದ ಮೇಲೆ ಅಲ್ಲೇ ನೆಲಕ್ಕೆ ಕುಸಿದಳು.

ಸಂಜೆ ಶವದ ಗಾಡಿಯಲ್ಲಿ ಅದೇ ದಾರಿಯಲ್ಲಿ ಮರಳಿದೆವು. ಕೆರೆ ಬಂದಾಗ ಅಕ್ಕ ಬಾಯಿ ಬಿಟ್ಟಳು.

"ಇಲ್ಲೇ ನೀ ಬೈಯೂದು ನಿಲ್ಲಿಸಿದಿ. ಆವಾಗನ ತಿಳೀತು ನನಗ."

ಅವಳು ಖಾಲಿ ಅಂಗೈಯನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು ನೋಡುತ್ತಿದ್ದಳು.

"ಈಗ ಏನ್ ಮಾಡ್ಲೋ ತಮ್ಮಾ?" ಎಂದು ಕೇಳಿದಳು.